ಕೊಟ್ಟಿಗೆಯ ಮೋಟಾರಿಗೆ ವಿ.ಎಫ್.ಡಿ. ಬೇಕೇ?

ಹಾಲು ಕರೆಯುವ ಯಂತ್ರ ಕೊಳ್ಳಲು ಹೋದಾಗ, ‘ಜೊತೆಗೆ ವಿ.ಎಫ್.ಡಿ. ಹಾಕಿಸಿಕೊಳ್ಳಿ ಅಕ್ಕಾ, ಕರೆಂಟ್ ಬಿಲ್ ಅರ್ಧ ಆಗುತ್ತೆ’ ಎಂದು ಮಾರುವವರು ಹೇಳುವುದುಂಟು. ಹಣ ಎಣಿಸುವ ಮೊದಲು ಆ ಪೆಟ್ಟಿಗೆ ಮಾಡುವ ಕೆಲಸವೇನೆಂದು ತಿಳಿದುಕೊಳ್ಳಿ.

ನಮ್ಮ ಮನೆಗಳಿಗೆ ಬರುವ ವಿದ್ಯುತ್ತಿನ ಆವರ್ತನ 50 ಹರ್ಟ್ಸ್. ಮೋಟಾರಿನ ವೇಗ ಇದಕ್ಕೆ ಕಟ್ಟುಬಿದ್ದಿದೆ. ಮೋಟಾರಿನ ತಗಡಿನ ಮೇಲೆ 1440 ಎಂದಿದ್ದರೆ, ಕೆಲಸ ಕಡಿಮೆಯಿದ್ದಾಗಲೂ ಅದು ನಿಮಿಷಕ್ಕೆ ಹೆಚ್ಚುಕಡಿಮೆ ಅಷ್ಟೇ ಸುತ್ತು ತಿರುಗುತ್ತದೆ. ವಿ.ಎಫ್.ಡಿ. ಈ 50ನ್ನು 40ಕ್ಕೆ ಇಳಿಸಿದರೆ ಮೋಟಾರ್ ಸುಮಾರು 1150 ಸುತ್ತಿಗೆ ಇಳಿಯುತ್ತದೆ. ಫ್ಯಾನಿನ ರೆಗ್ಯುಲೇಟರ್ ಇದೇ ಕೆಲಸ ಮಾಡುವಂತೆ ಕಂಡರೂ ಒಳಗಿನ ವ್ಯವಸ್ಥೆ ಬೇರೆ. ಅದನ್ನು ಮೋಟಾರಿಗೆ ಜೋಡಿಸಬೇಡಿ.

ಹಾಲು ಕರೆಯುವ ಯಂತ್ರದಲ್ಲಿ ಇದರ ಉಪಯೋಗ ನಿಜವಾದದ್ದೇ. ಮೊಲೆತೊಟ್ಟಿನ ಕಪ್ ಜಾರಿ ಬಿದ್ದಾಗ ಒಮ್ಮೆಲೇ ಗಾಳಿ ನುಗ್ಗುತ್ತದೆ. ಆಗಲೂ ನಿರ್ವಾತ ಕುಸಿಯಬಾರದೆಂದು ಪಂಪನ್ನು ದೊಡ್ಡದಾಗಿಯೇ ಇಟ್ಟಿರುತ್ತಾರೆ. ಉಳಿದ ಹೊತ್ತಿನಲ್ಲಿ ಅಷ್ಟು ಶಕ್ತಿ ಬೇಕಾಗುವುದಿಲ್ಲ. ಹೆಚ್ಚಾದದ್ದನ್ನು ಸರಿತೂಗಿಸಲು ರೆಗ್ಯುಲೇಟರ್ ವಾಲ್ವ್ ‘ಸುಯ್’ ಎಂದು ಹೊರಗಿನ ಗಾಳಿ ಒಳಗೆ ಬಿಡುತ್ತಿರುತ್ತದೆ. ಆ ಸದ್ದೇ ನೀವು ಸುಮ್ಮನೆ ಕಟ್ಟುತ್ತಿರುವ ಬಿಲ್ಲು. ನಿರ್ವಾತ ಅಳೆಯುವ ಸೆನ್ಸರ್ ಜೊತೆಗಿರುವ ವಿ.ಎಫ್.ಡಿ. ಬೇಡದಾಗ ಪಂಪನ್ನು ನಿಧಾನ ಮಾಡಿ, ಕಪ್ ಜಾರಿದ ಕೂಡಲೇ ವೇಗ ಹೆಚ್ಚಿಸುತ್ತದೆ.

ಸೆನ್ಸರ್ ಇಲ್ಲದೆ, ಉಳಿತಾಯದ ಆಸೆಗೆ ಕೈಯಿಂದ ಗುಂಡಿ ತಿರುಗಿಸಿ ವೇಗ ಇಳಿಸಿದರೆ ಮಾತ್ರ ಕೇಡು. ಎರಡನೇ ಹಸುವಿಗೆ ಕಪ್ ಹಾಕುವಾಗ ನಿರ್ವಾತ ಏರುಪೇರಾಗುತ್ತದೆ, ಕಪ್ ಜಾರುತ್ತದೆ. ಹಾಲು ಹಿಮ್ಮುಖವಾಗಿ ತೊಟ್ಟಿಗೆ ಚಿಮ್ಮಿ ಕೆಚ್ಚಲು ಬಾವಿಗೆ ದಾರಿಯಾಗುತ್ತದೆ. ಒಂದು ಹಸುವಿಗೆ ಕೆಚ್ಚಲು ಬಾವು ಬಂದರೆ ಆಗುವ ನಷ್ಟವನ್ನು ಉಳಿಸಿದ ಕರೆಂಟ್ ತುಂಬಿಕೊಡದು.

ಈಗ ಲೆಕ್ಕ ಹಾಕೋಣ. ನಾಲ್ಕೈದು ಹಸುಗಳಿಗೆ 1 ಎಚ್.ಪಿ. ಮೋಟಾರ್ ಬೆಳಿಗ್ಗೆ ಒಂದು ಗಂಟೆ, ಸಂಜೆ ಒಂದು ಗಂಟೆ ಓಡಿದರೆ ದಿನಕ್ಕೆ ಸುಮಾರು 2 ಯೂನಿಟ್, ತಿಂಗಳಿಗೆ 60. ಅರ್ಧ ಉಳಿಯಿತೆಂದೇ ಇಟ್ಟುಕೊಂಡರೂ 30 ಯೂನಿಟ್. ನಿಮ್ಮ ಬಿಲ್ಲಿನ ಯೂನಿಟ್ ದರದಿಂದ ಗುಣಿಸಿ, ಅಂಗಡಿಯವರು ಹೇಳಿದ ಬೆಲೆಯ ಪಕ್ಕದಲ್ಲಿಟ್ಟು ನೋಡಿ. ಸಣ್ಣ ಕೊಟ್ಟಿಗೆಗೆ ಇದು ಬೇಡ ಎಂಬುದೇ ನನ್ನ ಅಭಿಪ್ರಾಯ. ದಿನಕ್ಕೆ ಆರೆಂಟು ಗಂಟೆ ದೊಡ್ಡ ಪಂಪ್ ಓಡುವ ಫಾರ್ಮಿನ ಮಾತು ಬೇರೆ.

ಮೇವು ಕತ್ತರಿಸುವ ಯಂತ್ರಕ್ಕೂ ಹಾಕಿಸಬಹುದೇ? ಅಲ್ಲಿ ವೇಗ ಇಳಿಸಿದರೆ ಅಷ್ಟೇ ಜೋಳದ ದಂಟಿಗೆ ಹೆಚ್ಚು ಹೊತ್ತು ಬೇಕು, ಬ್ಲೇಡಿಗೆ ದಂಟು ಸಿಕ್ಕಿಕೊಳ್ಳುತ್ತದೆ. ಮೋಟಾರನ್ನು ತಂಪಾಗಿಡುವ ಫ್ಯಾನ್ ಅದರ ದಂಡಕ್ಕೇ ಜೋಡಿಸಿರುವುದರಿಂದ ನಿಧಾನವಾದಷ್ಟೂ ಬಿಸಿಯೇರುತ್ತದೆ. ಬ್ಲೇಡನ್ನು ಚೂಪಾಗಿ ಇಟ್ಟುಕೊಂಡರೆ ಅದಕ್ಕಿಂತ ಹೆಚ್ಚು ಲಾಭ.

ಇನ್ನೊಂದು ವಿಷಯ ಮರೆಯಬೇಡಿ. ಮನೆಯ ಸಿಂಗಲ್ ಫೇಸಿನಲ್ಲಿ ಓಡುವ ಕೆಪಾಸಿಟರ್ ಮೋಟಾರಿಗೆ ಸಾಮಾನ್ಯ ವಿ.ಎಫ್.ಡಿ. ಜೋಡಿಸಿದರೆ ಕೆಪಾಸಿಟರೋ ವೈಂಡಿಂಗೋ ಸುಟ್ಟುಹೋಗಬಹುದು. ಸಿಂಗಲ್ ಫೇಸ್ ತೆಗೆದುಕೊಂಡು ತ್ರೀ ಫೇಸ್ ಕೊಡುವ ಡ್ರೈವ್‌ಗಳಿವೆ. ಆದರೆ ಅವಕ್ಕೆ ತ್ರೀ ಫೇಸ್ ಮೋಟಾರೇ ಬೇಕು, ಅದರ ಒಳ ಜೋಡಣೆಯನ್ನೂ ಡ್ರೈವ್ ಕೊಡುವ ವೋಲ್ಟೇಜಿಗೆ ಹೊಂದಿಸಬೇಕು. ಇದು ತಿಳಿದ ಎಲೆಕ್ಟ್ರಿಷಿಯನ್ ಕೆಲಸ.

ಈಗಾಗಲೇ ಹಾಕಿಸಿದ್ದರೆ ಪೆಟ್ಟಿಗೆಯನ್ನು ಕೊಟ್ಟಿಗೆ ತೊಳೆಯುವ ನೀರು, ಹೊಟ್ಟಿನ ಧೂಳು ತಾಗದ ಗೋಡೆಯಲ್ಲಿಡಿ. ಸ್ವಿಚ್ ಆರಿಸಿದ ಮೇಲೂ ಅದರೊಳಗೆ ಜೀವಕ್ಕೆ ಅಪಾಯವಾಗುವಷ್ಟು ವಿದ್ಯುತ್ ಕೆಲವು ನಿಮಿಷ ಉಳಿದಿರುತ್ತದೆ. ಆದ್ದರಿಂದ ನೀವಾಗಲಿ ಮಕ್ಕಳಾಗಲಿ ಮುಚ್ಚಳ ತೆಗೆಯಬಾರದು. ಅರ್ಥಿಂಗ್ ಸರಿಯಾಗಿದೆಯೇ ಎಂದು ಪರೀಕ್ಷೆ ಮಾಡಿಸಿ. ನಮಗೆ ಗೊತ್ತಾಗದಷ್ಟು ಸಣ್ಣ ಸೋರಿಕೆ ವಿದ್ಯುತ್ತೂ ಹಸುವಿಗೆ ತಾಗುತ್ತದೆ. ದಿನವೂ ಸುಮ್ಮನೆ ನಿಲ್ಲುವ ಹಸು ಯಂತ್ರ ಶುರುವಾದ ಕೂಡಲೇ ಒದೆಯಲು, ಹಾಲು ಇಳಿಸದೆ ಹಿಡಿದುಕೊಳ್ಳಲು ತೊಡಗಿದರೆ ಅದಕ್ಕೆ ಹೊಡೆಯಬೇಡಿ. ಮೇನ್ ಸ್ವಿಚ್ ಆರಿಸಿ, ಎಲೆಕ್ಟ್ರಿಷಿಯನ್‌ಗೆ ಹೇಳಿಕಳುಹಿಸಿ.