ಯಕೃತ್ತಿನ ಕಿಣ್ವಗಳು ತುಸು ಹೆಚ್ಚಿದಾಗ

ಆರೋಗ್ಯ ತಪಾಸಣೆ ಮಾಡಿಸಿಕೊಂಡವರ ಕೈಗೆ ಬರುವ ವರದಿಯಲ್ಲಿ ಎಸ್.ಜಿ.ಓ.ಟಿ. ಮತ್ತು ಎಸ್.ಜಿ.ಪಿ.ಟಿ. ಎಂಬ ಎರಡು ಸಾಲುಗಳಿರುತ್ತವೆ. ಬಹುತೇಕ ಪ್ರಯೋಗಾಲಯಗಳು ಪ್ರತಿ ಲೀಟರಿಗೆ ಸುಮಾರು 40 ಯೂನಿಟ್‌ಗಳನ್ನು ಸಹಜದ ಮೇಲ್ಮಿತಿಯೆಂದು ಗಣಿಸುತ್ತವೆ. ಅಲ್ಲಿ 64 ಎಂಬ ಅಂಕಿ ದಪ್ಪಕ್ಷರದಲ್ಲಿ ಕಂಡರೆ ಯಕೃತ್ತು ಕೆಟ್ಟಿತೆಂದು ಕಂಗೆಡುವವರೂ ಉಂಟು, ಏನೂ ತೊಂದರೆಯಿಲ್ಲವೆಂದು ಕಾಗದವನ್ನು ಮಡಿಚಿಡುವವರೂ ಉಂಟು. ಎರಡೂ ಸರಿಯಲ್ಲ.

ಈ ಕಿಣ್ವಗಳು ಜೀವಕೋಶಗಳ ಒಳಗಿದ್ದು ಕೆಲಸ ಮಾಡುವಂಥವು. ಕೋಶಗಳಿಗೆ ಪೆಟ್ಟು ಬಿದ್ದಾಗ ರಕ್ತಕ್ಕೆ ಸೋರುತ್ತವೆ. ಆದ್ದರಿಂದ ಇವು ಪೆಟ್ಟಿನ ಸೂಚನೆಯೇ ಹೊರತು ಯಕೃತ್ತಿನ ಸಾಮರ್ಥ್ಯದ ಅಳತೆಯಲ್ಲ. ಸಾಮರ್ಥ್ಯವನ್ನು ತಿಳಿಸುವುವು ಅಲ್ಬುಮಿನ್, ಬಿಲಿರುಬಿನ್ ಹಾಗೂ ರಕ್ತ ಹೆಪ್ಪುಗಟ್ಟುವ ಕಾಲ. ಇಡೀ ಪರೀಕ್ಷೆಗೆ 'ಲಿವರ್ ಫಂಕ್ಷನ್ ಟೆಸ್ಟ್' ಎಂಬ ಹೆಸರು ಬಂದುದರಿಂದಲೇ ಈ ಗೊಂದಲ. ಯಕೃತ್ತು ಗಟ್ಟಿಯಾಗಿ ಸಿರೋಸಿಸ್ ಹಂತ ತಲುಪಿದವರಲ್ಲಿಯೂ ಕಿಣ್ವಗಳು ಸಹಜವಾಗಿರಬಹುದು.

ಎಸ್.ಜಿ.ಓ.ಟಿ. ಸ್ನಾಯುಗಳಲ್ಲಿಯೂ ಇದೆ. ಶ್ರೀಶೈಲಕ್ಕೆ ಹಲವು ದಿನ ಪಾದಯಾತ್ರೆ ಮಾಡಿ ಬಂದ ಮರುದಿನವೇ ರಕ್ತ ಕೊಟ್ಟರೆ ಅದು ಏರಿರಬಹುದು. ಅಂಥ ಶ್ರಮದ ಸಂಗತಿಯನ್ನು ವೈದ್ಯರಿಗೆ ತಪ್ಪದೇ ತಿಳಿಸಬೇಕು. ಸಿ.ಕೆ. ಎಂಬ ಇನ್ನೊಂದು ಪರೀಕ್ಷೆಯಿಂದ ಅವರು ಸ್ನಾಯುವಿನ ಪಾಲನ್ನು ಗುರುತಿಸಬಲ್ಲರು.

'ನಾನು ಮದ್ಯ ಮುಟ್ಟಿದವನಲ್ಲ, ಮಾಂಸ ತಿಂದವನಲ್ಲ, ನನಗೇಕೆ ಇದು?' ಎಂಬುದು ಸಸ್ಯಾಹಾರಿಗಳ ಸಹಜ ಪ್ರಶ್ನೆ. ಇಂದು ಅಲ್ಪ ಏರಿಕೆಗೆ ಅತಿ ಸಾಮಾನ್ಯ ಕಾರಣ ಯಕೃತ್ತಿನಲ್ಲಿ ಕೊಬ್ಬು ಸೇರುವುದು. ಅದು ತಿಂದ ಎಣ್ಣೆ ತುಪ್ಪದಿಂದ ಮಾತ್ರ ಬರುವುದಲ್ಲ. ಹೋಳಿಗೆ, ಸಕ್ಕರೆ ಬೆರೆಸಿದ ಚಹಾ, ಎರಡನೆಯ ಬಾರಿ ಬಡಿಸಿಕೊಂಡ ಅನ್ನ ಇವುಗಳಲ್ಲಿ ದೇಹಕ್ಕೆ ಮಿಕ್ಕ ಪಿಷ್ಟ ಸಕ್ಕರೆಗಳನ್ನು ಯಕೃತ್ತೇ ಕೊಬ್ಬಾಗಿ ಮಾರ್ಪಡಿಸುತ್ತದೆ. ಹೊಟ್ಟೆಯ ಸುತ್ತಳತೆ, ಸಕ್ಕರೆ ಕಾಯಿಲೆ, ಟ್ರೈಗ್ಲಿಸರೈಡ್ ಇವೆಲ್ಲ ಇದರ ಒಡನಾಡಿಗಳು. 2023ರಲ್ಲಿ ತಜ್ಞರು ಈ ರೋಗದ ಹೆಸರಿನಿಂದ 'ಮದ್ಯರಹಿತ' ಎಂಬುದನ್ನು ತೆಗೆದು ಚಯಾಪಚಯದ ದೋಷಕ್ಕೆ ಜೋಡಿಸಿದುದು ಉಚಿತವೇ ಆಯಿತು. ದೇಹತೂಕ ನೂರಕ್ಕೆ 7ರಿಂದ 10ರಷ್ಟು ಇಳಿದರೆ ಕೊಬ್ಬಷ್ಟೇ ಅಲ್ಲ, ಉರಿಯೂತವೂ ಇಳಿಯುತ್ತದೆ. 80 ಕಿಲೋ ಇರುವವರಿಗೆ ಅದು 6ರಿಂದ 8 ಕಿಲೋ. ಒಂದೇ ತಿಂಗಳಲ್ಲಿ ಉಪವಾಸದಿಂದ ಸಾಧಿಸತಕ್ಕದ್ದಲ್ಲ.

ಯಕೃತ್ತು ಗಟ್ಟಿಯಾಗುತ್ತಿದೆಯೇ ಎಂಬುದೇ ಮುಖ್ಯ ಪ್ರಶ್ನೆ. ಅದಕ್ಕೆ 'ಫಿಬ್-4' ಎಂಬ ಸರಳ ಲೆಕ್ಕವಿದೆ. ವಯಸ್ಸನ್ನು ಎಸ್.ಜಿ.ಓ.ಟಿ.ಯಿಂದ ಗುಣಿಸಿ, ಪ್ಲೇಟ್‌ಲೆಟ್ ಸಂಖ್ಯೆ (ಸಾವಿರಗಳಲ್ಲಿ) ಮತ್ತು ಎಸ್.ಜಿ.ಪಿ.ಟಿ.ಯ ವರ್ಗಮೂಲ ಇವುಗಳ ಗುಣಲಬ್ಧದಿಂದ ಭಾಗಿಸಬೇಕು. ವಯಸ್ಸು 48, ಎಸ್.ಜಿ.ಓ.ಟಿ. 44, ಎಸ್.ಜಿ.ಪಿ.ಟಿ. 64, ಪ್ಲೇಟ್‌ಲೆಟ್ 2,20,000 ಆಗಿದ್ದರೆ ಉತ್ತರ 1.2. ಇದು 1.3ಕ್ಕಿಂತ ಕಡಿಮೆಯಿದ್ದರೆ ಅಪಾಯ ಕಡಿಮೆ, 2.67ಕ್ಕಿಂತ ಹೆಚ್ಚಿದ್ದರೆ ತಜ್ಞರನ್ನು ಕಾಣಲೇಬೇಕು. ನಡುವಿನವರಿಗೆ ಯಕೃತ್ತಿನ ಗಡಸುತನ ಅಳೆಯುವ ಸ್ಕ್ಯಾನ್ ನೆರವಾಗುತ್ತದೆ. ತೀರ ಎಳೆಯರಿಗೆ ಈ ಲೆಕ್ಕ ಹೊಂದದು, 65 ದಾಟಿದವರಿಗೆ ಮಿತಿ ಬೇರೆ.

ಸೇವಿಸುವ ಔಷಧಗಳೆಲ್ಲದರ ಪಟ್ಟಿಯನ್ನು ವೈದ್ಯರ ಮುಂದಿಡಬೇಕು. ಕ್ಷಯರೋಗದ ಮಾತ್ರೆಗಳು ಕಿಣ್ವಗಳನ್ನು ಏರಿಸಬಲ್ಲವು. ಹಾಗೆಂದು ತಾವಾಗಿಯೇ ನಿಲ್ಲಿಸಕೂಡದು. ಗಿಡಮೂಲಿಕೆ ಎಂದ ಮಾತ್ರಕ್ಕೆ ನಿರಪಾಯವಲ್ಲ. ಕೋವಿಡ್ ಕಾಲದಲ್ಲಿ ಅಮೃತಬಳ್ಳಿಯ ಕಷಾಯ ಸೇವಿಸಿದ ಕೆಲವರಲ್ಲಿ ಯಕೃತ್ತಿನ ಉರಿಯೂತ ಕಂಡುಬಂದುದನ್ನು ಮುಂಬಯಿಯ ವೈದ್ಯರು 2021ರಲ್ಲಿ ವರದಿ ಮಾಡಿದರು. ಆಯುಷ್ ಸಚಿವಾಲಯ ಅದನ್ನು ಒಪ್ಪಲಿಲ್ಲವಾದರೂ, ಕಷಾಯದ ವಿಷಯವನ್ನು ವೈದ್ಯರಿಂದ ಮುಚ್ಚಿಡುವುದು ಜಾಣತನವಲ್ಲ.

ಹೆಪಟೈಟಿಸ್ ಬಿ ಮತ್ತು ಸಿ ಪರೀಕ್ಷೆಗಳನ್ನು ಒಮ್ಮೆ ಮಾಡಿಸಲೇಬೇಕು. ಇವು ವರ್ಷಗಟ್ಟಲೆ ಸದ್ದಿಲ್ಲದೆ ಇರುತ್ತವೆ. ಸಿ ಸೋಂಕು ಈಗ ಸಾಮಾನ್ಯವಾಗಿ 3 ತಿಂಗಳ ಮಾತ್ರೆಗಳಿಂದ ಗುಣವಾಗುತ್ತದೆ; ಬಿ ಸೋಂಕಿಗೆ ಲಸಿಕೆ ಇರುವುದರಿಂದ ಮನೆಯಲ್ಲಿ ಒಬ್ಬರಿಗೆ ಕಂಡರೆ ಉಳಿದವರೂ ಪರೀಕ್ಷಿಸಿಕೊಂಡು ಲಸಿಕೆ ಪಡೆಯಬೇಕು.

ಅಲ್ಪ ಏರಿಕೆಯಿದ್ದು ಬೇರೆ ತೊಂದರೆಯಿಲ್ಲದವರು ಕೆಲವು ವಾರಗಳ ಅನಂತರ ಮರುಪರೀಕ್ಷೆಗೆ ಹೋಗಬಹುದು. ಆದರೆ ಕಣ್ಣು ಹಳದಿಯಾಗುವುದು, ಹೊಟ್ಟೆಯಲ್ಲಿ ನೀರು ತುಂಬುವುದು, ರಕ್ತ ವಾಂತಿ, ಕಪ್ಪು ಮಲ, ಮಂಕು ಕವಿದಂತೆ ಮಾತು ತಪ್ಪುವುದು ಇವುಗಳಲ್ಲಿ ಯಾವುದು ಕಂಡರೂ ಬರೆ ಹಾಕಿಸಲು, ಮದ್ದು ಹುಡುಕಲು ಅಲೆಯದೆ ಅಂದೇ ಆಸ್ಪತ್ರೆಗೆ ತೆರಳಬೇಕು.