ಬಾರದ ವಿದ್ಯಾರ್ಥಿಯನ್ನು ವಿಚಾರಿಸಿದ ಗುರು

ಇಮಾಮ್ ಅಬೂ ಹನೀಫಾ(ರ) ಕೂಫಾ ನಗರದಲ್ಲಿ ಬಟ್ಟೆ ವ್ಯಾಪಾರಿಯಾಗಿದ್ದರು. ದುಡಿಮೆ ವ್ಯಾಪಾರದ್ದು, ಪಾಠ ಅಲ್ಲಾಹನ ಸಂಪ್ರೀತಿಗಾಗಿ. ಅವರ ಪಾಠಕ್ಕೆ ಯಾಕೂಬ್ ಎಂಬ ಬಡ ಯುವಕನೊಬ್ಬ ಬರುತ್ತಿದ್ದ. ಒಂದು ದಿನ ಅವನ ತಂದೆ ಬಂದು ಕರೆದುಕೊಂಡು ಹೋದರು. ಇಮಾಮರಿಗೆ ಅನ್ನದ ಚಿಂತೆಯಿಲ್ಲ, ನಮಗೆ ದುಡಿಯದೆ ಗತಿಯಿಲ್ಲ ಎಂಬುದು ಆ ತಂದೆಯ ಅಳಲು. ಮಗ ವಿಧೇಯನಾದ. ಪಾಠಕ್ಕೆ ಬರುವುದು ಕಡಿಮೆಯಾಯಿತು.

ಮುಂದಿನದನ್ನು ಗಮನಿಸಬೇಕು. ಅವನು ಕಾಣದಿದ್ದುದನ್ನು ಇಮಾಮರು ಗುರುತಿಸಿದರು, ವಿಚಾರಿಸಿದರು. ಮರಳಿ ಬಂದಾಗ ಕಾರಣ ಕೇಳಿದರು. ಎಲ್ಲರೂ ಎದ್ದು ಹೋದ ಮೇಲೆ ನೂರು ದಿರ್ಹಮ್‌ಗಳ ಚೀಲವೊಂದನ್ನು ಕೈಗಿತ್ತು, ಪಾಠ ಬಿಡಬೇಡ, ಇದು ಮುಗಿದಾಗ ತಿಳಿಸು ಎಂದರು. ಆದರೆ ತಾನು ಒಮ್ಮೆಯೂ ತಿಳಿಸಬೇಕಾಗಿ ಬರಲಿಲ್ಲ, ಹಣ ಮುಗಿಯುವ ಹೊತ್ತಿಗೆ ಮತ್ತೊಂದು ಚೀಲ ಬರುತ್ತಿತ್ತು ಎಂದು ಆ ಶಿಷ್ಯ ಹೇಳಿಕೊಂಡುದನ್ನು ಚರಿತ್ರೆಕಾರರು ದಾಖಲಿಸಿದ್ದಾರೆ. ಆ ಶಿಷ್ಯನೇ ಇಮಾಮ್ ಅಬೂ ಯೂಸುಫ್(ರ). ಹಾರೂನ್ ರಶೀದರ ಕಾಲದಲ್ಲಿ ಮುಖ್ಯ ನ್ಯಾಯಾಧೀಶರ ಪದವಿಗೇರಿದವರು.

ನಮ್ಮ ಮೊಹಲ್ಲಾಗಳಲ್ಲಿ ಎಸ್.ಎಸ್.ಎಲ್.ಸಿ. ಫಲಿತಾಂಶ ಬಂದ ಕೂಡಲೇ ಸನ್ಮಾನ ಸಮಾರಂಭಗಳು ನಡೆಯುತ್ತವೆ. ಶಾಲು, ಫಲಕ, ಒಂದು ಲಕೋಟೆ, ಫೋಟೋ. ತಪ್ಪೇನಿಲ್ಲ. ಆದರೆ ಅದೇ ಹುಡುಗ ಎರಡು ವರ್ಷಗಳ ನಂತರ ಗ್ಯಾರೇಜಿನಲ್ಲೋ ಹಣ್ಣಿನ ಅಂಗಡಿಯಲ್ಲೋ ಇದ್ದರೆ, ಕಾಲೇಜು ಬಿಟ್ಟದ್ದೇಕೆ ಎಂದು ಕೇಳುವವರು ಯಾರು?

ಸಾಚಾರ್ ಸಮಿತಿಯು 2006ರಲ್ಲಿ ಸಲ್ಲಿಸಿದ ವರದಿಯಂತೆ, ಇಪ್ಪತ್ತು ವರ್ಷ ದಾಟಿದ ಮುಸ್ಲಿಮರಲ್ಲಿ ಪದವಿ ಅಥವಾ ಡಿಪ್ಲೊಮಾ ಪಡೆದವರು ಶೇಕಡಾ 4ಕ್ಕಿಂತಲೂ ಕಡಿಮೆ. ಒಟ್ಟು ಜನಸಂಖ್ಯೆಯಲ್ಲಿ ಅದು ಸುಮಾರು ಶೇಕಡಾ 7. ಅದೇ ವರದಿಯ ಇನ್ನೊಂದು ಮಾತು ಅಷ್ಟಾಗಿ ಚರ್ಚೆಗೆ ಬರಲಿಲ್ಲ: ಹಿಂದುಳಿದ ಸಮುದಾಯದ ಮಕ್ಕಳು ಶಾಲಾ ಶಿಕ್ಷಣದ ಹಂತವನ್ನು ದಾಟಿಬಿಟ್ಟರೆ, ಅನಂತರ ಇತರರೊಂದಿಗಿನ ಅಂತರ ಬಹಳಷ್ಟು ಕುಗ್ಗುತ್ತದೆ. ಅಂದರೆ ಕೊರತೆ ಬುದ್ಧಿಯದ್ದಲ್ಲ. ದಾಟುವ ಸ್ಥಳದಲ್ಲಿ ಕೈ ಹಿಡಿಯುವವರದ್ದು.

ಮಕ್ಕಳು ಎಡವುವ ಕಡೆಗಳು ಬಹಳ ಸಣ್ಣವು. ಉರ್ದು ಅಥವಾ ಕನ್ನಡ ಮಾಧ್ಯಮದಲ್ಲಿ ಓದಿ ಒಳ್ಳೆಯ ಅಂಕ ಪಡೆದ ಹುಡುಗಿ ಪಿ.ಯು.ಸಿ. ವಿಜ್ಞಾನ ಸೇರುತ್ತಾಳೆ. ಅಲ್ಲಿ ಎಲ್ಲವೂ ಇಂಗ್ಲಿಷ್. ಮೊದಲ ಕಿರುಪರೀಕ್ಷೆಯಲ್ಲೇ ತಾನು ದಡ್ಡಿ ಎಂದು ನಂಬಿಬಿಡುತ್ತಾಳೆ. ಅವಳಿಗೆ ಬೇಕಿರುವುದು ಹಣವಲ್ಲ, ಮೊದಲ ಮೂರು ತಿಂಗಳು ಸಂಜೆ ಕುಳಿತು ಗಣಿತ, ಭೌತಶಾಸ್ತ್ರಗಳ ಪದಗಳನ್ನು ಅವಳ ಭಾಷೆಯಲ್ಲಿ ಬಿಡಿಸಿ ಹೇಳುವ ಒಬ್ಬ ಅಕ್ಕ. ಅಂತಹ ಪದವೀಧರೆಯರು ನಮ್ಮ ಮನೆಗಳಲ್ಲೇ ಇದ್ದಾರೆ.

ಇನ್ನು ವಿದ್ಯಾರ್ಥಿ ವೇತನ. ಆಧಾರ್‌ನಲ್ಲಿ ಮೊಹಮ್ಮದ್, ಅಂಕಪಟ್ಟಿಯಲ್ಲಿ ಮಹಮ್ಮದ್, ಬ್ಯಾಂಕ್ ಪುಸ್ತಕದಲ್ಲಿ ಬರೀ ಎಂ.ಡಿ. ಹೆಸರು ತಾಳೆಯಾಗದಿದ್ದರೆ ಅರ್ಜಿ ಅಲ್ಲಿಗೇ ನಿಲ್ಲಬಹುದು. ಅಂಕಪಟ್ಟಿಗೆ ಹೆಸರು ಹೋಗುವುದು ಶಾಲೆಯ ದಾಖಲೆಯಿಂದ. ಆದ್ದರಿಂದ ಒಂಬತ್ತನೇ ತರಗತಿಯಲ್ಲೇ ಇದನ್ನು ನೋಡಿ ಸರಿಪಡಿಸಬೇಕು. ಅಂಕಪಟ್ಟಿ ಅಚ್ಚಾದ ಮೇಲೆ ತಿದ್ದಿಸುವುದು ದಿನಗೂಲಿ ಬಿಟ್ಟು ಕಚೇರಿಗೆ ಅಲೆಯಬೇಕಾದ ತಂದೆಗೆ ಸುಲಭವಲ್ಲ.

ಹೆಣ್ಣುಮಕ್ಕಳ ವಿಷಯವನ್ನು ಬಿಡಿಸಿ ಹೇಳಲೇಬೇಕು. 2023ರ ಜೂನ್‌ನಿಂದ ನಮ್ಮ ರಾಜ್ಯದ ಸಾಮಾನ್ಯ ಸರಕಾರಿ ಬಸ್ಸುಗಳಲ್ಲಿ ಅವರಿಗೆ ಪ್ರಯಾಣ ಉಚಿತ. ದಾರಿಯ ಖರ್ಚಿನ ನೆಪ ಹೋಯಿತು, ಮದುವೆಯ ಅವಸರ ಉಳಿಯಿತು. ಒಳ್ಳೆಯ ಸಂಬಂಧ ಬಂದರೆ ಬೇಡವೆನ್ನಲು ಯಾರೂ ಹೇಳುತ್ತಿಲ್ಲ. ಪದವಿ ಮುಗಿಸಲು ಬಿಡಬೇಕೆಂಬ ಷರತ್ತನ್ನು ನಿಕಾಹ್‌ಗೆ ಮುಂಚಿತವಾಗಿ ಇಡಲು ಹೆಣ್ಣಿನ ಕಡೆಯವರಿಗೆ ಸಂಕೋಚವೇಕೆ?

ಝಕಾತ್‌ನ ಹಣವನ್ನು ಇದಕ್ಕೆ ಕೊಡಬಹುದೇ ಎಂಬ ಪ್ರಶ್ನೆ ಆಗಾಗ ಬರುತ್ತದೆ. ತೌಬಾ ಅಧ್ಯಾಯದ 60ನೇ ಸೂಕ್ತದಲ್ಲಿ ಝಕಾತ್‌ಗೆ ಅರ್ಹರಾದ ಎಂಟು ವರ್ಗಗಳಿವೆ. ಬಡವರೂ ನಿರ್ಗತಿಕರೂ ಮೊದಲ ಎರಡು. ಬಡ ವಿದ್ಯಾರ್ಥಿ ಅವರಲ್ಲೊಬ್ಬ. ದುಡಿಯುವ ಶಕ್ತಿಯಿದ್ದೂ ಧಾರ್ಮಿಕ ವಿದ್ಯಾರ್ಜನೆಗಾಗಿ ದುಡಿಮೆ ಬಿಟ್ಟವನಿಗೆ ಇಮಾಮ್ ನವವಿ(ರ) ಅನುಮತಿಸಿದ್ದಾರೆ. ಉಪಯುಕ್ತ ಲೌಕಿಕ ವಿದ್ಯೆಗೂ ಇದನ್ನು ಅನ್ವಯಿಸುವ ವಿದ್ವಾಂಸರು ಇಂದು ಅನೇಕರಿದ್ದಾರೆ. ಹನಫೀ ನಿಯಮದಂತೆ ಹಣ ವಿದ್ಯಾರ್ಥಿಯ ಸ್ವಾಧೀನಕ್ಕೇ ಬರಬೇಕು, ಕಾಲೇಜು ಕಟ್ಟಡಕ್ಕೆ ಸಲ್ಲದು. ಕೊಟ್ಟು ಹಂಗಿಸಿದರೆ ದಾನವೇ ನಿಷ್ಫಲವೆಂದು ಅಲ್‌ಬಕರ ಅಧ್ಯಾಯ ಎಚ್ಚರಿಸುತ್ತದೆ. ಬಡ ಹುಡುಗನನ್ನು ವೇದಿಕೆಗೆ ಕರೆದು ಚೆಕ್ ಹಿಡಿಸಿ ಫೋಟೋ ತೆಗೆಯುವವರು ಇದನ್ನೊಮ್ಮೆ ಓದಲಿ. ಇಮಾಮರು ಚೀಲ ಕೊಟ್ಟದ್ದು ಎಲ್ಲರೂ ಹೋದ ಮೇಲೆ.

ಒಂದೇ ಬಾರಿ ಹತ್ತು ಮಕ್ಕಳಿಗೆ ಹಂಚುವ ಹಣವನ್ನು ಇಬ್ಬರಿಗೆ ಐದು ವರ್ಷ ಕೊಡುವುದೇ ಮೇಲೆಂದು ನನ್ನ ಅಭಿಪ್ರಾಯ. ಪಿ.ಯು.ಸಿ.ಯ ಎರಡು, ಪದವಿಯ ಮೂರು. ಜಮಾಅತಿನಲ್ಲಿ ಒಬ್ಬರು ಹೆಸರುಗಳ ಪುಸ್ತಕವಿಟ್ಟು ತಿಂಗಳಿಗೊಮ್ಮೆ ಹಾಜರಿ, ಪರೀಕ್ಷಾ ಶುಲ್ಕ, ಹಾಸ್ಟೆಲ್ ಊಟ ಇವಿಷ್ಟನ್ನು ವಿಚಾರಿಸಿದರೆ ಸಾಕು. ಅನುತ್ತೀರ್ಣರಾದವರ ಹೆಸರನ್ನು ಆ ಪುಸ್ತಕದಿಂದ ಹೊಡೆದು ಹಾಕಬಾರದು. 2024ರಲ್ಲಿ ಎಸ್.ಎಸ್.ಎಲ್.ಸಿ.ಗೂ ದ್ವಿತೀಯ ಪಿ.ಯು.ಸಿ.ಗೂ ಒಂದೇ ವರ್ಷದಲ್ಲಿ ಮೂರು ಪರೀಕ್ಷೆಗಳ ಪದ್ಧತಿ ಬಂತು. ಒಂದು ವಿಷಯದಲ್ಲಿ ಸೋತವನು ವರ್ಷ ಕಳೆದುಕೊಳ್ಳಬೇಕಿಲ್ಲ. ಫಲಿತಾಂಶದ ದಿನವೇ ಅವನ ಮನೆಗೆ ಹೋಗಿ, ಮುಂದಿನ ಪರೀಕ್ಷೆಗೆ ಹೆಸರು ನೋಂದಾಯಿಸುವ ಕೊನೆಯ ದಿನಾಂಕವನ್ನು ತಾಯಿಗೆ ತಿಳಿಸಿ ಬರಬೇಕು.