ಹರಕೆಯ ಭಾರ ಮಗುವಿನ ಹೆಗಲಿಗೆ ಬೇಡ

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಗೇಟಿನ ಚೈನು ತುಂಡಾಗಿ ಗೇಟು ಕೊಚ್ಚಿಹೋಯಿತು. ಆಗ ಸಿಂಧನೂರು, ಮಸ್ಕಿ ಭಾಗದಲ್ಲಿ ಭತ್ತ ನೆಚ್ಚಿಕೊಂಡ ಮನೆಗಳ ದಿಗಿಲು ದೊಡ್ಡವರಲ್ಲೇ ಉಳಿಯಲಿಲ್ಲ. ಅಪ್ಪ ಊಟ ಬಿಟ್ಟು ಎದ್ದರೆ ಮಗುವಿಗೂ ತುತ್ತು ಇಳಿಯುವುದಿಲ್ಲ. ಲಿಂಗಸುಗೂರು ಕಡೆಯ ಒಣಬೇಸಾಯದ ಹಳ್ಳಿಗಳಲ್ಲಿ ಮಳೆ ಕೈಕೊಟ್ಟ ವರ್ಷ ಅಪ್ಪ, ಅವ್ವ ಗುಳೆ ಹೋಗುತ್ತಾರೆ. ಮಕ್ಕಳು ಅಜ್ಜಿಯ ಮನೆಯಲ್ಲಿ ಉಳಿಯುತ್ತವೆ. ಇಂಥ ಹೊತ್ತಿನಲ್ಲಿ ನಮ್ಮ ಜನ ಮೊದಲು ನೆನೆಯುವುದು ದೇವರನ್ನು. ಮನೋವೈದ್ಯನಾಗಿ ನಾನು ಅದನ್ನು ತಡೆಯುವುದಿಲ್ಲ. ಆ ನಂಬಿಕೆ ಮಗುವಿಗೆ ಆಸರೆಯಾಗುತ್ತಿದೆಯೋ, ಇನ್ನೊಂದು ಹೊರೆಯಾಗುತ್ತಿದೆಯೋ ನೋಡಿಕೊಳ್ಳಿ ಎಂದಷ್ಟೇ ಹೇಳುತ್ತೇನೆ.

ಪ್ರಾರ್ಥನೆಯಿಂದ ದೇಹಕ್ಕೆ ಆಗುವ ಉಪಕಾರ ಅಳತೆಗೆ ಸಿಕ್ಕಿದೆ. ಇಟಲಿಯ ಸಂಶೋಧಕರು ಕ್ರೈಸ್ತರ ಜಪಮಾಲೆ ಪ್ರಾರ್ಥನೆಯನ್ನೂ ಮಂತ್ರಜಪವನ್ನೂ ಪರೀಕ್ಷಿಸಿ 2001ರಲ್ಲಿ ಫಲಿತಾಂಶ ಪ್ರಕಟಿಸಿದರು. ಎರಡರಲ್ಲೂ ಉಸಿರಾಟ ನಿಮಿಷಕ್ಕೆ ಸುಮಾರು 6 ಸಲಕ್ಕೆ ಇಳಿದಿತ್ತು, ಹೃದಯದ ಲಯಕ್ಕೂ ಅದರಿಂದ ಒಳಿತಾಗಿತ್ತು. ಉಸಿರನ್ನು ನಿಧಾನವಾಗಿ ಹೊರಬಿಟ್ಟಷ್ಟೂ ಎದೆಬಡಿತ ಇಳಿಯುತ್ತದೆ. ಮುದಗಲ್ಲಿನ ಚರ್ಚಿನಲ್ಲಿ ಜಪಮಾಲೆ ಹಿಡಿದವರಿಗೂ, ಇಷ್ಟಲಿಂಗ ಹಿಡಿದು ಕೂತ ಅಜ್ಜನಿಗೂ, ಶನಿವಾರ ಹನುಮಪ್ಪನ ಗುಡಿಯಲ್ಲಿ ಭಜನೆ ಮಾಡುವವರಿಗೂ ಇದು ಒಂದೇ. ಆದರೆ ಮಗುವಿಗೆ ಮಂತ್ರಕ್ಕಿಂತ ಹೆಚ್ಚಾಗಿ ಬೇಕಾದದ್ದು ತಪ್ಪದ ಹೊತ್ತು ಮತ್ತು ಪಕ್ಕದಲ್ಲೊಬ್ಬರು. ಗುಳೆ ಹೋದವರೂ ಇದನ್ನು ಕೊಡಬಹುದು. ದಿನಾ ರಾತ್ರಿ ಒಂದೇ ಹೊತ್ತಿಗೆ ಫೋನು ಹಚ್ಚಿ. ಅಲ್ಲಿ ಅಜ್ಜಿ ದೀಪ ಹಚ್ಚಲಿ, ಇಲ್ಲಿ ನೀವು ಕೈ ಮುಗಿಯಿರಿ. ಆಮೇಲೆ ಮಗು ಇವತ್ತು ಖುಷಿಯಾದದ್ದೊಂದು, ಬೇಜಾರಾದದ್ದೊಂದು ಹೇಳಲಿ. ಬುದ್ಧಿ ಹೇಳಹೋಗಬೇಡಿ, ಹ್ಞೂಂಗುಟ್ಟಿದರೆ ಸಾಕು.

ನನ್ನನ್ನು ಹೆಚ್ಚು ಕಾಡುವುದು ಹರಕೆಯ ವಿಷಯ. ‘ನೀ ಎಸ್ಸೆಸ್ಸೆಲ್ಸಿ ಪಾಸಾದ್ರ ಅಂಬಾದೇವಿಗೆ ಉಡಿ ತುಂಬ್ತೀನಿ’ ಎಂದು ಅವ್ವ ಹೇಳುವಾಗ ಅವಳ ಮನಸ್ಸಿನಲ್ಲಿ ಇರುವುದು ಪ್ರೀತಿಯೇ. ಮಗಳ ಕಿವಿಗೆ ಬೀಳುವುದು ಬೇರೆ: ಫೇಲಾದರೆ ನಾನು ಅವ್ವನಿಗೂ ದೇವಿಗೂ ಎರಡು ಬಗೆದೆ, ಬನದ ಹುಣ್ಣಿಮೆಗೆ ಅಂಬಾಮಠದ ಜಾತ್ರೆಗೆ ಹೋಗಲು ಮುಖವಿಲ್ಲ. ಮುದಗಲ್ಲಿನ ಮೊಹರಂನಲ್ಲಿ ಹಿಂದೂ, ಮುಸ್ಲಿಮರು ಕೂಡಿಯೇ ಹರಕೆ ತೀರಿಸುತ್ತಾರೆ. ಆ ಸಂಭ್ರಮ ಮಕ್ಕಳಿಗೆ ದಕ್ಕಬೇಕು, ಸಾಲದ ಪತ್ರವಾಗಿ ಅಲ್ಲ. ಅಂಕಕ್ಕೂ ದೇವರಿಗೂ ಗಂಟು ಹಾಕಬೇಡಿ. ಹೊರಲೇಬೇಕೆಂದರೆ ಹರಕೆಯನ್ನು ನಿಮ್ಮ ಮೇಲೆ ಹೊತ್ತುಕೊಳ್ಳಿ: ‘ಪರೀಕ್ಷೆ ಮುಗಿಯೋತನ ಮನಿಯಾಗ ದನಿ ಏರಿಸಂಗಿಲ್ಲ.’ ಇದಕ್ಕೆ ನಮ್ಮ ಸೀಮೆಯಲ್ಲೇ ದೊಡ್ಡ ಮಾದರಿಯಿದೆ. ಇಳಕಲ್ಲಿನ ಡಾ. ಮಹಾಂತ ಸ್ವಾಮೀಜಿ 1975ರಲ್ಲಿ ಜೋಳಿಗೆ ಹಿಡಿದು ಬೀದಿಗಿಳಿದರು. ದುಡ್ಡು, ಕಾಳು ಬೇಡ, ನಿಮ್ಮ ಚಟಗಳನ್ನು ಹಾಕಿ ಎಂದು ಬೇಡಿದರು. ಅವರ ಹುಟ್ಟಿದ ದಿನವಾದ ಆಗಸ್ಟ್ 1 ಈಗ ರಾಜ್ಯದಲ್ಲಿ ವ್ಯಸನಮುಕ್ತ ದಿನ. ಬೆಳೆ ಹೋದ ವರ್ಷ ಕುಡಿತ ಹೆಚ್ಚುವ ಮನೆಗಳಲ್ಲಿ ಮಗುವಿಗೆ ಅಪ್ಪ ಕುಡಿತ ಬಿಡುವುದಕ್ಕಿಂತ ದೊಡ್ಡ ಪ್ರಸಾದ ಇಲ್ಲ. ಒಂದು ಎಚ್ಚರಿಕೆ: ದಿನಾ ಕುಡಿಯುವವರು ಏಕಾಏಕಿ ಬಿಟ್ಟರೆ ನಡುಕ, ಫಿಟ್ಸ್ ಬರಬಹುದು, ವೈದ್ಯರನ್ನು ಕಂಡೇ ಬಿಡಿ.

‘ದೇವ್ರು ಶಿಕ್ಷಾ ಕೊಡ್ತಾನ’ ಎಂಬ ಮಾತನ್ನು ಕಷ್ಟಕಾಲದಲ್ಲಂತೂ ಆಡಬೇಡಿ. ಸಣ್ಣ ಮಕ್ಕಳು ಮನೆಯ ಸಾಲಕ್ಕೂ ಅಪ್ಪನ ಸಿಟ್ಟಿಗೂ ತಾವೇ ಕಾರಣ ಅಂದುಕೊಳ್ಳುತ್ತವೆ. ಮಳೆ ಬಾರದ್ದು ನಿನ್ನಿಂದ ಅಲ್ಲ ಎಂದು ಬಾಯಿಬಿಟ್ಟು ಹೇಳಬೇಕಾಗುತ್ತದೆ. ಹದಿನೈದರ ಹುಡುಗ ‘ದೇವ್ರೇ ಇಲ್ಲ’ ಎಂದು ಸಿಡುಕಿದರೆ ವಾದಕ್ಕೆ ಇಳಿಯದೆ, ಏನು ಅಷ್ಟು ನೋಯಿಸಿತು ಎಂದು ಕೇಳಿ.

ಇನ್ನು ಗಾಳಿ, ಸೋಕು, ದೃಷ್ಟಿಯ ಮಾತು. ತಾಯತ ಕಟ್ಟಿಸಿದ್ದಕ್ಕೆ ನಾನು ಯಾರನ್ನೂ ಗದರಿದವನಲ್ಲ. ನಿಮ್ಹಾನ್ಸಿನ ವೈದ್ಯರು ತಮಿಳುನಾಡಿನ ಒಂದು ಗುಡಿಯಲ್ಲಿ ತಂಗಿದ್ದ 31 ಮಂದಿ ಮನೋರೋಗಿಗಳನ್ನು ಅಧ್ಯಯನ ಮಾಡಿ 2002ರಲ್ಲಿ ವರದಿ ಮಾಡಿದರು. ಔಷಧವಿಲ್ಲದೆಯೂ ಅವರ ರೋಗಲಕ್ಷಣಗಳು ಶೇ. 20ರ ಹತ್ತಿರ ತಗ್ಗಿದ್ದವು. ಬೈಗುಳವಿಲ್ಲದ, ಬಡಿತವಿಲ್ಲದ ಜಾಗ ಅದು, ಮನೆಯವರೂ ಜೊತೆಗಿದ್ದರು. ಆದರೆ ಅದೇ ರಾಜ್ಯದ ಏರ್ವಾಡಿಯಲ್ಲಿ 2001ರ ಆಗಸ್ಟ್ 6ರಂದು ಬೆಂಕಿ ಬಿದ್ದಾಗ, ಸರಪಳಿಯಲ್ಲಿ ಕಟ್ಟಿಹಾಕಿದ್ದ ರೋಗಿಗಳು ಓಡಲಾರದೆ ಸುಟ್ಟುಹೋದರು. 2017ರ ಮಾನಸಿಕ ಆರೋಗ್ಯ ಕಾಯ್ದೆ ಮನೋರೋಗಿಗಳಿಗೆ ಸರಪಳಿ ಹಾಕುವುದನ್ನು ನಿಷೇಧಿಸಿದೆ. ಹೊಡೆಯುವ, ಉಪವಾಸ ಕೆಡವುವ, ಮಾತ್ರೆ ಬಿಡಿಸುವ ಯಾರ ಹತ್ತಿರವೂ ಮಗುವನ್ನು ಬಿಡಬೇಡಿ. ಜಾತ್ರೆಯಲ್ಲಿ ಮೈಮೇಲೆ ದೇವರು ಬಂದು ಇಳಿದುಹೋದರೆ ಅದು ರೋಗವಲ್ಲ. ಹಬ್ಬ ಮುಗಿದ ಮೇಲೂ ನಿದ್ದೆ ಹತ್ತದೆ, ಯಾರಿಗೂ ಕೇಳದ ದನಿ ಕೇಳುತ್ತಿದ್ದರೆ ವೈದ್ಯರಿಗೆ ತೋರಿಸಲು ತಡಮಾಡಬೇಡಿ. ಎರಡು ವಾರದಿಂದ ಮಗು ಆಟ, ಊಟ, ಶಾಲೆ ಎಲ್ಲದರಿಂದ ಹಿಂದೆ ಸರಿದಿದ್ದರೂ ಅಷ್ಟೇ. ತಾಯತ ಇರಲಿ, ಮಾತ್ರೆಯೂ ನಡೆಯಲಿ.

ವೈದ್ಯರು ತೀರಾ ದೂರವೂ ಇಲ್ಲ. ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾದದ್ದು 1980ರ ದಶಕದಲ್ಲಿ ನಮ್ಮ ಪಕ್ಕದ ಬಳ್ಳಾರಿಯಲ್ಲಿ ನಡೆದ ಪ್ರಯೋಗ. ಈಗ ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ಮನೋರೋಗ ತಜ್ಞರು ನೋಡುವ ‘ಮನೋಚೈತನ್ಯ’ ಯೋಜನೆಯಿದೆ; ನಿಮ್ಮ ಆಸ್ಪತ್ರೆಯಲ್ಲಿ ಯಾವ ವಾರ ಬರುತ್ತಾರೆಂದು ಮೊದಲೇ ವಿಚಾರಿಸಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆಮಾಡಿ ಕನ್ನಡದಲ್ಲೇ ಮಾತಾಡಬಹುದು.

ಕೊನೆಯದಾಗಿ, ಜೀವ ಉಳಿಸುವ ಮಾತು: ಬೆಳೆಗೆ ಹೊಡೆಯುವ ಎಣ್ಣಿ ಮನೆಯ ಮೂಲೆಯಲ್ಲಿ, ಕೈಗೆ ಸಿಗುವಂತೆ ಇರಬಾರದು. ಬೀಗ ಹಾಕಿ, ಕೀಲಿ ನಿಮ್ಮ ಹತ್ತಿರ ಇಟ್ಟುಕೊಳ್ಳಿ. ಮಗು ‘ಸಾಯಬೇಕು ಅನಸ್ತದ’ ಎಂದರೆ ಬಾಯಿ ಮುಚ್ಚಿಸಬೇಡಿ, ಪಾಪ ಎನ್ನಬೇಡಿ. ಹತ್ತಿರ ಕೂರಿಸಿಕೊಂಡು ‘ಸಾಯೋ ವಿಚಾರ ಎಷ್ಟು ದಿನದಿಂದ ಬರ್ಲಿಕ್ಕತ್ತದ?’ ಎಂದು ನೇರವಾಗಿ ಕೇಳಿ. ಕೇಳಿದ್ದರಿಂದ ಆ ವಿಚಾರ ಹುಟ್ಟುವುದಿಲ್ಲ. ಆ ರಾತ್ರಿ ಒಂಟಿಯಾಗಿ ಮಲಗಿಸಬೇಡಿ. ಏನಾದರೂ ನಡೆದೇಹೋಗಿದ್ದರೆ ಪೊಲೀಸ್ ಕೇಸಿಗೆ ಅಂಜಿ ಆಸ್ಪತ್ರೆಗೆ ಒಯ್ಯುವುದನ್ನು ತಡಮಾಡಬೇಡಿ; ಮಾನಸಿಕ ಆರೋಗ್ಯ ಕಾಯ್ದೆಯ 115ನೇ ಕಲಂ, ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಎಣಿಸಿ ಶಿಕ್ಷೆಯಿಂದ ಕಾಯುತ್ತದೆ.